ಶಿಲಾಚಿತ್ರಗಳಲ್ಲಿ ವೇತನ, ದತ್ತಿ ಮತ್ತು ಋಣ

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಣ ಭಾಗದಲ್ಲಿರುವ ಹಳಿಯಾಳ, ದಾಂಡೇಲಿ, ಮುಂಡಗೋಡ ಹಾಗೂ ಹಿಂದೆ ಸೂಪಾ ಎಂಬ ಹೆಸರಿನಿಂದ ಕರೆಯಲ್ಪಡುತ್ತಿದ್ದ ಜೋಯಿಡಾ ತಾಲ್ಲೂಕುಗಳು ಇಂದು ದಟ್ಟವಾದ ಕಾಡಿಗೂ ಕಾಳೀ ನದಿಗೂ ಹೆಸರಾಗಿವೆ. ಶಾಸನಗಳ ಕಾಲದಲ್ಲಿ ಈ ಸೀಮೆಯ ಗುರುತು ಬೇರೆ ಬಗೆಯದಾಗಿತ್ತು. ಹಳಿಯಾಳದ ಕಡೆಯ ನಾಡು ಹಲಸಿಗೆ ೧೨,೦೦೦ದ ವ್ಯಾಪ್ತಿಗೂ, ಮುಂಡಗೋಡದ ಕಡೆಯದು ಬನವಾಸಿ ೧೨,೦೦೦ ಹಾಗೂ ಪಾನುಂಗಲ್ಲು ೫೦೦ ಎಂಬ ನಾಡುಗಳ ವ್ಯಾಪ್ತಿಗೂ ಸೇರಿದ್ದಿತು. ಈ ನಾಡುಗಳು ಜೈನ ಧರ್ಮದ ಪ್ರಾಚೀನ ನೆಲೆಗಳೆಂಬುದು ಇತಿಹಾಸಜ್ಞರೆಲ್ಲರೂ ಒಪ್ಪಿದ ಮಾತು. ಬಸದಿಗಳನ್ನು ಯಾರು ಕಟ್ಟಿಸಿದರು, ಯಾವ ಆಚಾರ್ಯರ ಪಾದ ತೊಳೆದು ದಾನವಿತ್ತರು ಎಂಬ ವಿಷಯವಾಗಿ ವಿದ್ವಾಂಸರು ಸಾಕಷ್ಟು ಬರೆದಿದ್ದಾರೆ. ಕಟ್ಟಿದವರಿಗೆ ಕೂಲಿ ಹೇಗೆ ಸಂದಿತು, ದೀಪದ ಎಣ್ಣೆಗೆ ಹಣ ಎಲ್ಲಿಂದ ಬಂದಿತು, ದೇವರ ಭೂಮಿಯೇ ಅಡವು ಬಿದ್ದಾಗ ಅದನ್ನು ಬಿಡಿಸಿದವರು ಯಾರು ಎಂಬ ಪ್ರಶ್ನೆಗಳನ್ನು ಕೇಳಿದವರು ಕಡಿಮೆ. ಇವುಗಳಿಗೆ ಉತ್ತರವು ಶಾಸನದ ಅಕ್ಷರಗಳಲ್ಲಿರುವಂತೆ ಶಾಸನದ ಮೇಲಣ ಚಿತ್ರಗಳಲ್ಲಿಯೂ ಇದೆ.

ಹಣದ ವ್ಯವಹಾರವನ್ನು ಚಿತ್ರಿಸುವ ಪದ್ಧತಿ ದೇಶದಿಂದ ದೇಶಕ್ಕೆ ಬೇರೆಯಾಗಿದೆ. ೧೫೧೪ರಲ್ಲಿ ಆಂಟ್ವರ್ಪ್ ನಗರದ ಚಿತ್ರಕಾರ ಕ್ವೆಂಟಿನ್ ಮಾಟ್ಸೀಸ್ ಎಂಬವನು ಒಂದು ಪ್ರಸಿದ್ಧ ಚಿತ್ರವನ್ನು ಬರೆದನು. ಅದರಲ್ಲಿ ಸಾಲ ಕೊಡುವ ವ್ಯಾಪಾರಿಯೊಬ್ಬ ಮೇಜಿನ ಮುಂದೆ ಕುಳಿತು ತಕ್ಕಡಿಯಲ್ಲಿ ನಾಣ್ಯಗಳನ್ನು ತೂಗುತ್ತಿದ್ದಾನೆ. ಪಕ್ಕದಲ್ಲಿ ಕುಳಿತ ಪತ್ನಿಯ ಕೈಯಲ್ಲಿ ಪ್ರಾರ್ಥನೆಯ ಪುಸ್ತಕವಿದೆ, ಕಣ್ಣು ಮಾತ್ರ ನಾಣ್ಯದ ಮೇಲಿದೆ. ಕನ್ನಡ ನಾಡಿನ ಶಿಲ್ಪಿಗಳು ಕೊಡುವ ಕೈಯನ್ನೂ ಕೊಳ್ಳುವ ಕೈಯನ್ನೂ ಹೀಗೆ ಎದುರುಬದುರಾಗಿ ಕೂರಿಸಿ ಕೆತ್ತಿದ್ದು ಅಪರೂಪ. ಹಾಗೆಂದು ಅವರಿಗೆ ಲೆಕ್ಕ ತಿಳಿಯದೆಂದು ಭಾವಿಸಬಾರದು. ಲೆಕ್ಕವನ್ನು ಅವರು ಅಕ್ಷರಕ್ಕೆ ಬಿಟ್ಟರು; ಆ ಲೆಕ್ಕ ಎಷ್ಟು ಕಾಲ ನಡೆಯಬೇಕು, ತಪ್ಪಿದರೆ ಏನಾಗುತ್ತದೆ ಎಂಬುದನ್ನು ಚಿತ್ರದಲ್ಲಿ ಹೇಳಿದರು.

ಬಸದಿಗೆ ಸಂಬಂಧಿಸಿದ ಯಾವುದೇ ದಾನಶಾಸನದ ಶಿರೋಭಾಗವನ್ನು ನೋಡಬಹುದು. ನಡುವೆ ಪರ್ಯಂಕಾಸನದಲ್ಲಿ ಜಿನಬಿಂಬ, ಮೇಲೆ ಮುಕ್ಕೊಡೆ, ಇಕ್ಕೆಲದಲ್ಲಿ ಚಾಮರಧಾರಿಗಳು. ಒಂದು ಪಕ್ಕದಲ್ಲಿ ಕರುವಿಗೆ ಹಾಲೂಡುತ್ತಿರುವ ಹಸು. ಮೇಲೆ ಸೂರ್ಯ ಮತ್ತು ಚಂದ್ರ. ಕೆಲವೆಡೆ ಒಂದು ಖಡ್ಗ. ಸೂರ್ಯಚಂದ್ರರು ಇರುವವರೆಗೆ ದತ್ತಿಯು ನಡೆಯಬೇಕೆಂಬುದು ಮೇಲಣ ಎರಡು ಗುರುತುಗಳ ಅರ್ಥ. ಖಡ್ಗವು ಅರಸನ ಅಧಿಕಾರದ ಚಿಹ್ನೆ. ಹಸುಕರುಗಳ ಅರ್ಥವನ್ನು ಕುರಿತು ಒಂದಕ್ಕಿಂತ ಹೆಚ್ಚು ಅಭಿಪ್ರಾಯಗಳಿವೆ. ಹಸುವೆಂದರೆ ದಾನವಾಗಿ ಕೊಟ್ಟ ಭೂಮಿ, ಕರುವೆಂದರೆ ಅದರ ಫಲವನ್ನು ಉಣ್ಣುವವರು ಎಂದು ಕೆಲವರು ಹೇಳುತ್ತಾರೆ. ದತ್ತಿಯನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ ತಟ್ಟುವುದೆಂದು ಶಾಸನದ ಕೊನೆಯಲ್ಲಿ ಬರುವ ಶಾಪವಾಕ್ಯದ ಚಿತ್ರರೂಪವೇ ಅದೆಂದು ಮತ್ತೆ ಕೆಲವರು ಹೇಳುತ್ತಾರೆ. ಎರಡೂ ಅರ್ಥಗಳು ಒಂದೇ ಕಲ್ಲಿನ ಮೇಲೆ ಹೊಂದಿಕೊಳ್ಳುತ್ತವೆ. ಅಕ್ಷರ ಬಲ್ಲವರು ಊರಿಗೆ ಒಬ್ಬಿಬ್ಬರಿದ್ದ ಕಾಲದಲ್ಲಿ ಉಳುವವನಿಗೂ ತುರು ಕಾಯುವವನಿಗೂ ಈ ಚಿತ್ರವೇ ಪತ್ರವಾಗಿದ್ದಿತು. ಈ ಹೊಲದ ಹುಟ್ಟುವಳಿ ಯಾರಿಗೆ ಸಲ್ಲಬೇಕೆಂಬುದು ದೂರದಿಂದ ನೋಡಿದವನಿಗೂ ತಿಳಿಯುತ್ತಿದ್ದಿತು.

ಅಕ್ಷರಗಳ ಭಾಗದಲ್ಲಿ ಪದೇ ಪದೇ ಬರುವ ಒಂದು ಮಾತಿದೆ: ಖಂಡಸ್ಫುಟಿತ ಜೀರ್ಣೋದ್ಧಾರ. ಬಿರಿದುದನ್ನೂ ಒಡೆದುದನ್ನೂ ಸರಿಪಡಿಸುವುದೆಂದು ಇದರ ಅರ್ಥ. ದೇವರ ಅಷ್ಟವಿಧಾರ್ಚನೆ, ಋಷಿಯರ ಆಹಾರದಾನ, ಅನಂತರ ಈ ಖಂಡಸ್ಫುಟಿತ, ಹೀಗೆ ದತ್ತಿಯ ಉದ್ದೇಶಗಳನ್ನು ಶಾಸನಗಳು ಹೇಳುತ್ತವೆ. ಪಠಿಸುವವರು ಈ ಮಾತನ್ನು ಸಾಮಾನ್ಯವಾಗಿ ಅವಸರದಿಂದ ದಾಟಿಬಿಡುತ್ತಾರೆ. ಕಲ್ಲುಕುಟಿಗ, ಗಾರೆಯವ, ಬಡಗಿ, ಹೊರೆ ಹೊರುವವ, ಇವರೆಲ್ಲರ ಕೂಲಿಯೂ ಆ ಒಂದು ಸಮಾಸಪದದೊಳಗೆ ಅಡಗಿದೆ. ಅವರ ಹೆಸರಿಲ್ಲ, ಅವರಿಗೆ ಸಲ್ಲಬೇಕಾದುದಕ್ಕೆ ಮಾತ್ರ ಭೂಮಿಯನ್ನು ಬಿಡಲಾಗಿದೆ.

ಹಳಿಯಾಳದ ವಾಯವ್ಯಕ್ಕೆ, ಈಗ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನಲ್ಲಿರುವ ಹಲಸಿಯು ಕದಂಬರ ಕಾಲದಲ್ಲಿ ಪಲಾಶಿಕಾ ಎಂಬ ಹೆಸರಿನ ದೊಡ್ಡ ಪಟ್ಟಣವಾಗಿದ್ದಿತು. ೧೯ನೆಯ ಶತಮಾನದಲ್ಲಿ ಅಲ್ಲಿನ ಚಕ್ರತೀರ್ಥವೆಂಬ ಬಾವಿಯ ಬಳಿ ಏಳು ತಾಮ್ರಶಾಸನಗಳು ದೊರೆತವು. ಫ್ಲೀಟ್ ಎಂಬ ವಿದ್ವಾಂಸರು ಅವುಗಳನ್ನು ಓದಿ ಪ್ರಕಟಿಸಿದರು. ಇವುಗಳಲ್ಲಿ ಅತ್ಯಂತ ಹಳೆಯದು ಕಾಕುಸ್ಥವರ್ಮನದು, ೫ನೆಯ ಶತಮಾನದ್ದು. ಖೇಟ ಎಂಬ ಗ್ರಾಮದ ಬದೋವರ ಕ್ಷೇತ್ರವನ್ನು ಶ್ರುತಕೀರ್ತಿ ಎಂಬ ಸೇನಾಪತಿಗೆ ಕೊಟ್ಟುದನ್ನು ಅದು ತಿಳಿಸುತ್ತದೆ. ಕೊಟ್ಟ ಕಾರಣ ಒಂದೇ: ಆ ಸೇನಾಪತಿಯು ಕಾಕುಸ್ಥವರ್ಮನ ಪ್ರಾಣವನ್ನು ಉಳಿಸಿದ್ದನು. ಯಾವ ಸಂದರ್ಭದಲ್ಲಿ, ಯಾವ ಆಪತ್ತಿನಿಂದ ಎಂಬುದನ್ನು ತಾಮ್ರಪಟ ಹೇಳುವುದಿಲ್ಲ. ಪ್ರಾಣದ ಋಣಕ್ಕೆ ಹೊಲವೊಂದು ಪ್ರತಿಫಲವಾಯಿತು. ಆ ಪತ್ರವು ಜಿನೇಂದ್ರನ ಸ್ತುತಿಯಿಂದ ಪ್ರಾರಂಭವಾಗುತ್ತದೆ.

ಈ ಕಥೆ ಇಲ್ಲಿಗೇ ಮುಗಿದಿದ್ದರೆ ಅದನ್ನು ಸಾಮಾನ್ಯ ಉಂಬಳಿ ಎಂದು ಬಿಡಬಹುದಿತ್ತು. ಶ್ರುತಕೀರ್ತಿಯು ಕಾಲವಾದ ನಂತರ ಮೃಗೇಶವರ್ಮನು ತನ್ನ ತಂದೆಯ ಪುಣ್ಯಾರ್ಥವಾಗಿ ಖೇಟ ಗ್ರಾಮವನ್ನು ದಾಮಕೀರ್ತಿ ಎಂಬವನ ತಾಯಿಗೆ ಕೊಟ್ಟನೆಂದು ರವಿವರ್ಮನ ಕಾಲದ ಶಾಸನದಿಂದ ತಿಳಿದುಬರುತ್ತದೆ. ದಾಮಕೀರ್ತಿಯ ಹಿರಿಯ ಮಗನಾದ ಪ್ರತೀಹಾರ ಜಯಕೀರ್ತಿಯು ತನ್ನ ತಂದೆತಾಯಿಗಳ ಪುಣ್ಯಕ್ಕಾಗಿ ಪುರುಖೇಟಕ ಗ್ರಾಮವನ್ನು ಧರ್ಮಕ್ಕೆ ಬಿಟ್ಟನು. ಅದರ ಉತ್ಪತ್ತಿಯಿಂದ ಪ್ರತಿವರ್ಷ ಕಾರ್ತಿಕ ಪೂರ್ಣಿಮೆಯವರೆಗೆ ಎಂಟು ದಿನಗಳ ಜಿನೇಂದ್ರ ಮಹಿಮೆ ನಡೆಯಬೇಕು, ಮಳೆಗಾಲದ ನಾಲ್ಕು ತಿಂಗಳು ಯಾಪನೀಯ ತಪಸ್ವಿಗಳಿಗೆ ಆಹಾರ ಸಲ್ಲಬೇಕು ಎಂದು ರವಿವರ್ಮನು ಪಲಾಶಿಕಾ ನಗರದಲ್ಲಿ ವ್ಯವಸ್ಥೆ ಮಾಡಿದನು. ಇಂದು ಆಷ್ಟಾಹ್ನಿಕ ಪರ್ವವನ್ನು ಆಚರಿಸುವ ಶ್ರಾವಕರಿಗೆ ಈ ಎಂಟು ದಿನಗಳ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ಈ ಸೀಮೆಯ ಮಳೆಗಾಲದಲ್ಲಿ ನಾಲ್ಕು ತಿಂಗಳ ಆಹಾರಕ್ಕೆ ಮುಂಚಿತವಾಗಿ ಒಂದು ಗ್ರಾಮವನ್ನೇ ಗೊತ್ತುಮಾಡಿದವರ ವ್ಯವಹಾರಜ್ಞಾನವನ್ನೂ ಮೆಚ್ಚಬೇಕು.

ಅದೇ ಏಳರ ಗುಂಪಿನಲ್ಲಿ ಮೃಗೇಶವರ್ಮನ ತಾಮ್ರಪಟವೂ ಇದೆ. ತಂದೆಯ ನೆನಪಿಗಾಗಿ ಪಲಾಶಿಕಾದಲ್ಲಿ ಜಿನಾಲಯವನ್ನು ಮಾಡಿಸಿ, ಯಾಪನೀಯ, ನಿರ್ಗ್ರಂಥ, ಕೂರ್ಚಕ ಎಂಬ ಮೂರು ಸಂಘಗಳಿಗೆ ೩೩ ನಿವರ್ತನ ಭೂಮಿಯನ್ನು ಅವನು ಕೊಟ್ಟನು. ರವಿವರ್ಮನ ತಮ್ಮ ಭಾನುವರ್ಮನ ಕಾಲದಲ್ಲಿ ಪಂಡರನೆಂಬ ಭೋಜಕನು ಪ್ರತಿ ಹುಣ್ಣಿಮೆಯ ಅಭಿಷೇಕಕ್ಕಾಗಿ ೧೫ ನಿವರ್ತನ ಭೂಮಿಯನ್ನು ಬಿಟ್ಟನು. ಇವುಗಳಲ್ಲಿ ನಾಣ್ಯದ ಮಾತಿಲ್ಲ. ಆ ಕಾಲದಲ್ಲಿ ವೇತನವೂ ಕಾಣಿಕೆಯೂ ಋಣದ ತೀರುವಳಿಯೂ ಭೂಮಿಯ ರೂಪದಲ್ಲಿಯೇ ನಡೆಯುತ್ತಿದ್ದವು.

ಗೋವೆಯ ಕದಂಬರು ಹಲಸಿಗೆ ನಾಡನ್ನು ಆಳುವ ಹೊತ್ತಿಗೆ ಈ ಸ್ಥಿತಿ ಬದಲಾಗಿತ್ತು. ೧೨ನೆಯ ಶತಮಾನದ ಶಿವಚಿತ್ತ ಪೆರ್ಮಾಡಿ ಮೊದಲಾದವರ ಚಿನ್ನದ ನಾಣ್ಯಗಳ ಮೇಲೆ ಅವರ ಕುಲಲಾಂಛನವಾದ ಸಿಂಹವು ಪಂಜವನ್ನು ಎತ್ತಿ ನಿಂತಿದೆ. ಮತ್ತೊಂದು ಮುಖದಲ್ಲಿ ಸಪ್ತಕೋಟೀಶ್ವರನ ವರಪ್ರಸಾದ ಪಡೆದವನೆಂಬ ಬಿರುದು ನಾಗರಿಯಲ್ಲಿದೆ. ಕೆಲವು ನಾಣ್ಯಗಳಲ್ಲಿ ಸಂವತ್ಸರದ ಹೆಸರನ್ನೂ ಅಚ್ಚೊತ್ತಿರುವುದರಿಂದ ಅವು ಇತಿಹಾಸಕಾರರಿಗೆ ಬಹಳ ಪ್ರಿಯವಾಗಿವೆ. ಗದ್ಯಾಣ, ಪಣ, ಹಾಗ, ವೀಸ ಎಂಬ ಹೆಸರುಗಳು ಶಾಸನಗಳಲ್ಲಿ ತುಂಬಿಕೊಂಡುದು ಈ ಶತಮಾನಗಳಲ್ಲಿಯೇ. ಹತ್ತು ಪಣಕ್ಕೆ ಒಂದು ಗದ್ಯಾಣ, ನಾಲ್ಕು ಹಾಗಕ್ಕೆ ಒಂದು ಪಣ, ಹದಿನಾರು ವೀಸಕ್ಕೆ ಒಂದು ಪಣ ಎಂಬುದು ಸಾಮಾನ್ಯವಾದ ಲೆಕ್ಕ. ನಾಡಿನಿಂದ ನಾಡಿಗೆ ಸ್ವಲ್ಪ ವ್ಯತ್ಯಾಸವಿರುತ್ತಿತ್ತು. ಭೂಮಿಯ ಜೊತೆಗೆ ಹೊನ್ನನ್ನೂ ಇಡುಗಂಟಾಗಿ ಕೊಟ್ಟು, ಮೂಲವನ್ನು ಮುಟ್ಟದೆ ಬಡ್ಡಿಯಿಂದ ಮಾತ್ರ ಪೂಜೆಯನ್ನು ನಡೆಸುವ ಪದ್ಧತಿ ಬೆಳೆಯಿತು. ಶ್ರವಣಬೆಳಗೊಳದ ೧೩ನೆಯ ಶತಮಾನದ ಶಾಸನಗಳಲ್ಲಿ ಗೊಮ್ಮಟದೇವರ ನಿತ್ಯದ ಹಾಲಿಗೂ ಹೂಮಾಲೆಗೂ ಹೀಗೆ ಕೆಲವೇ ಗದ್ಯಾಣಗಳನ್ನು ಇಟ್ಟ ಸಾಮಾನ್ಯ ಶ್ರಾವಕರು ಅನೇಕರಿದ್ದಾರೆ.

ಇಷ್ಟರವರೆಗೆ ಹೇಳಿದ ಚಿತ್ರಗಳೆಲ್ಲ ಸಂಕೇತಗಳು. ಒಂದು ನಿರ್ದಿಷ್ಟ ಪ್ರತಿಫಲದ ಕಥೆಯನ್ನೇ ಕಣ್ಣಿಗೆ ಕಟ್ಟುವಂತೆ ಕೆತ್ತಿದ ಕಲ್ಲೊಂದು ಕನ್ನಡ ನಾಡಿನಲ್ಲಿದೆ. ಅದು ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಶಾಸನ. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಮುಂಡಗೋಡದಿಂದ ಆತಕೂರು ಬಹುದೂರವೆಂಬುದು ನಿಜ. ಆದರೆ ಮುಂಡಗೋಡವನ್ನೊಳಗೊಂಡ ಬನವಾಸಿ ನಾಡು ಕೈಯಿಂದ ಕೈಗೆ ಸಂಬಳದಂತೆ ಸಂದ ಸಂಗತಿ ಆ ಕಲ್ಲಿನ ಮೇಲಿದೆ.

ಶಕ ೮೭೨, ಅಂದರೆ ಕ್ರಿ.ಶ. ೯೪೯-೫೦ರ ಶಾಸನವದು. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನು ಚೋಳರ ಮೇಲೆ ದಂಡೆತ್ತಿ ಹೋದಾಗ ಗಂಗರ ಬೂತುಗನು ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯನನ್ನು ಕೊಂದನು. ಅದಕ್ಕೆ ಮೆಚ್ಚಿ ಕೃಷ್ಣನು ಬನವಾಸಿ ೧೨,೦೦೦, ಬೆಳ್ವೊಲ ೩೦೦, ಪುರಿಗೆರೆ ೩೦೦, ಕಿಸುಕಾಡು ೭೦, ಬಾಗೆನಾಡು ೭೦ ಇವುಗಳನ್ನು ಬೂತುಗನಿಗೆ ಕೊಟ್ಟನೆಂದು ಶಾಸನ ಹೇಳುತ್ತದೆ. ಇವುಗಳಲ್ಲಿ ಬನವಾಸಿಯನ್ನುಳಿದು ಮಿಕ್ಕವು ಕೃಷ್ಣನ ಅಕ್ಕ ರೇವಕನಿಮ್ಮಡಿಯ ಮದುವೆಯಲ್ಲಿ ಬಳುವಳಿಯಾಗಿ ಮೊದಲೇ ಬೂತುಗನಿಗೆ ಸಂದಿದ್ದವೆಂದು ಹೆಬ್ಬಾಳದ ಶಾಸನದಿಂದ ತಿಳಿಯುತ್ತದೆ. ಹಾಗಿದ್ದ ಪಕ್ಷದಲ್ಲಿ ತಕ್ಕೋಲದ ಗೆಲುವಿಗೆ ಹೊಸದಾಗಿ ಸಂದ ಪ್ರತಿಫಲ ಬನವಾಸಿ ನಾಡೊಂದೇ.

ಬೂತುಗನ ಕಡೆಯಲ್ಲಿ ಮಣಲೆರನೆಂಬ ವೀರನು ಹೋರಾಡಿದ್ದನು. ಒಡೆಯನು ಮೆಚ್ಚಿ, ಏನು ಬೇಕೋ ಬೇಡಿಕೊ ಎಂದನು. ಮಣಲೆರನು ಊರನ್ನೂ ಕೇಳಲಿಲ್ಲ, ಹೊನ್ನನ್ನೂ ಕೇಳಲಿಲ್ಲ. ಕಾಳಿಯೆಂಬ ಬೇಟೆನಾಯಿಯನ್ನು ಬೇಡಿದನು. ಆ ನಾಯಿಯನ್ನು ಬೆಳತೂರಿನ ಬೆಟ್ಟದಲ್ಲಿ ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಹಂದಿಯೂ ನಾಯಿಯೂ ಜೊತೆಯಲ್ಲಿಯೇ ಸತ್ತವು. ಕಲ್ಲಿನ ಮೇಲೆ ಕೆತ್ತಿರುವುದು ಆ ಹೋರಾಟವನ್ನು. ಚಕ್ರವರ್ತಿಯ ಯುದ್ಧ, ಐದು ನಾಡುಗಳ ದಾನ ಇವೆಲ್ಲ ಅಕ್ಷರದಲ್ಲಿವೆ. ಚಿತ್ರದಲ್ಲಿರುವುದು ನಾಯಿ ಮತ್ತು ಹಂದಿ. ಶಿಲ್ಪಿಗೆ ಯಾವುದು ಮುಖ್ಯವೆನಿಸಿತೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಅಲ್ಲಿಯ ವೇತನದ ಷರತ್ತು ಇನ್ನೂ ಸ್ವಾರಸ್ಯಕರವಾಗಿದೆ. ಕಾಳಿಯ ನೆನಪಿಗಾಗಿ ಕಲ್ಲನ್ನು ನಿಲ್ಲಿಸಿ, ಎರಡು ಖಂಡುಗ ಭೂಮಿಯನ್ನು ಬಿಡಲಾಯಿತು. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು ಭೂಮಿಯ ಫಲವನ್ನು ಉಣ್ಣಬಹುದು. ಆದರೆ ಕಲ್ಲಿಗೆ ಪೂಜೆ ಸಲ್ಲಿಸದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ತಗಲುವುದೆಂದು ಶಾಸನ ವಿಧಿಸುತ್ತದೆ. ಕೆಲಸ ಮಾಡದೆ ಕೂಲಿ ತಿನ್ನಬಾರದೆಂಬ ನಿಯಮವನ್ನು ಇಷ್ಟು ನಿಷ್ಠುರವಾಗಿ ಹೇಳಿದ ಬರಹಗಳು ವಿರಳ. ಮುಂದೆ ಬೂತುಗನು ಆತಕೂರು ೧೨ ಎಂಬ ಹಳ್ಳಿಗಳ ಗುಂಪನ್ನೂ ಬೆಳ್ವೊಲದ ಒಂದು ಊರನ್ನೂ ಮಣಲೆರನಿಗೆ ಬಾಳ್ಗಚ್ಚಾಗಿ ಕೊಟ್ಟನು. ಬಾಳು ಎಂದರೆ ಕತ್ತಿ, ಕಚ್ಚು ಎಂದರೆ ತೊಳೆಯುವುದು. ರಕ್ತ ಅಂಟಿದ ಕತ್ತಿಯನ್ನು ತೊಳೆದು ಕೊಡುವ ಕೊಡುಗೆ. ಸತ್ತ ವೀರನ ಮನೆಯವರಿಗೆ ಕೊಡುವ ಭೂಮಿಗೆ ನೆತ್ತರುಗೊಡಗೆ ಎಂಬ ಹೆಸರು ಬೇರೆ ಇದ್ದಿತು. ಕನ್ನಡ ನಾಡಿನ ಊರೂರುಗಳಲ್ಲಿ ಕಾಣಸಿಗುವ ವೀರಗಲ್ಲುಗಳನ್ನು ನೋಡುವವರು ಕೆಳಗಣ ಹಂತದ ಕಾಳಗವನ್ನೂ ಮೇಲಣ ಸ್ವರ್ಗವನ್ನೂ ನೋಡುತ್ತಾರೆ. ಅವೆರಡರ ನಡುವೆ ಕಲ್ಲಿನಲ್ಲಿ ಕಾಣದ ಮೂರನೆಯ ಸಂಗತಿಯೊಂದುಂಟು. ಅದು ವಿಧವೆಗೂ ಮಕ್ಕಳಿಗೂ ಉಳಿದ ಆ ತುಂಡು ಹೊಲ.

ಪ್ರಾಸಂಗಿಕವಾಗಿ ಬಳ್ಳಿಗಾವೆಯ ಹೆಸರನ್ನೂ ಇಲ್ಲಿ ಎತ್ತಬಹುದು. ಬನವಾಸಿ ನಾಡಿನ ಈ ರಾಜಧಾನಿಯಲ್ಲಿ ೧೦೪೭ರಲ್ಲಿ ಮಹಾಮಂಡಲೇಶ್ವರ ಚಾವುಂಡರಾಯರಸನು ಗಂಡಭೇರುಂಡದ ಎತ್ತರವಾದ ಕಂಬವನ್ನು ನಿಲ್ಲಿಸಿದನು. ಭೇರುಂಡ ಗಳೆಯೆಂಬ ಅಳತೆಗೋಲಿನಿಂದ ಭೂಮಿಯನ್ನು ಅಳೆದು ಕೊಡುತ್ತಿದ್ದುದು ಆ ಸೀಮೆಯ ಶಾಸನಗಳಿಂದ ತಿಳಿಯುತ್ತದೆ. (ಗೊಮ್ಮಟಮೂರ್ತಿಯನ್ನು ಮಾಡಿಸಿದ ಚಾವುಂಡರಾಯನು ಬೇರೆ, ಈತನು ಬೇರೆ, ಹೆಸರು ಒಂದೇ ಆದುದರಿಂದ ಕೆಲವರು ಗೊಂದಲಪಡುವುದುಂಟು.) ಇದೇ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ಎಂಬ ಶಿಲ್ಪಿಗಳು ಬೇಲೂರಿನ ಮದನಿಕೆಯರ ಕೆಳಗೆ ತಮ್ಮ ಹೆಸರುಗಳನ್ನು ಕೆತ್ತಿದ್ದಾರೆ.

ಬೇಲೂರಿನ ಶಿಲ್ಪಿಗೆ ದೊರೆತ ಆ ಅವಕಾಶ ಶ್ರವಣಬೆಳಗೊಳದ ಶಿಲ್ಪಿಗೆ ದೊರೆಯಲಿಲ್ಲ. ೯೮೧ರ ಸುಮಾರಿಗೆ ಪ್ರತಿಷ್ಠಾಪಿತವಾದ, ಸುಮಾರು ೫೮ ಅಡಿ ಎತ್ತರದ ಬಾಹುಬಲಿಸ್ವಾಮಿಯ ಪಾದದ ಪಕ್ಕದಲ್ಲಿರುವ ಬರಹಗಳು ಅದನ್ನು ಮಾಡಿಸಿದವನು ಚಾವುಂಡರಾಯನೆಂದೂ, ಸುತ್ತಾಲಯವನ್ನು ಮಾಡಿಸಿದವನು ಗಂಗರಾಜನೆಂದೂ ತಿಳಿಸುತ್ತವೆ. ಮಾಡಿದವನ ಹೆಸರು ಅಲ್ಲಿಲ್ಲ. ಶಾಸನವು ಬಿಟ್ಟುದನ್ನು ಐತಿಹ್ಯವು ತುಂಬಿಕೊಟ್ಟಿದೆ. ಶಿಲ್ಪಿಯು ಚೆಕ್ಕೆ ತೆಗೆದ ಕಲ್ಲಿನ ತೂಕಕ್ಕೆ ಸಮನಾಗಿ ಚಾವುಂಡರಾಯನು ಹೊನ್ನನ್ನು ಕೊಡುತ್ತಿದ್ದನಂತೆ. ಒಂದು ದಿನ ಮನೆಗೆ ತಂದ ಹೊನ್ನು ಶಿಲ್ಪಿಯ ಕೈಗೆ ಅಂಟಿಕೊಂಡು ಬಿಡಿಸಿದರೂ ಬಿಡದಾಯಿತು. ಒಬ್ಬ ಮಗನು ತಾಯಿಗಾಗಿ ಹೊನ್ನನ್ನು ಚೆಲ್ಲುತ್ತಿದ್ದಾನೆ, ಇನ್ನೊಬ್ಬನು ಅದನ್ನು ಬಾಚಿಕೊಳ್ಳುತ್ತಿದ್ದಾನೆ ಎಂದು ಶಿಲ್ಪಿಯ ತಾಯಿ ನೊಂದುಕೊಂಡಳು. ಶಿಲ್ಪಿಯು ನಾಚಿ ಹೊನ್ನನ್ನು ಹಿಂದಕ್ಕೆ ಕೊಟ್ಟು ಕೆಲಸವನ್ನು ಮುಂದುವರಿಸಿದನೆಂದು ಕಥೆ. ಕಥೆ ಸುಂದರವಾಗಿದೆ. ಆದರೆ ಕೂಲಿ ಕೇಳಿದ್ದನ್ನೇ ಲೋಭವೆಂದು ಎಣಿಸುವ ಅಪಾಯವೂ ಅದರಲ್ಲಿದೆ ಎಂಬುದನ್ನು ಮರೆಯಲಾಗದು. ಶಿಲ್ಪಿಗೂ ಮನೆಯಿದ್ದಿತು, ಮನೆಯಲ್ಲಿ ಆ ತಾಯಿಯೇ ಇದ್ದಳು.

ಕೂಲಿ ಸಂದುದಕ್ಕೆ ಸಾಕ್ಷಿಯಾಗಿ ದೊಡ್ಡಬೆಟ್ಟದ ದಾರಿಯಲ್ಲಿ ಇನ್ನೊಂದು ಚಿತ್ರವಿದೆ. ಅದು ತ್ಯಾಗದ ಬ್ರಹ್ಮದೇವರ ಕಂಬ. ಬಳ್ಳಿಯ ಸುರುಳಿಗಳ ನವುರಾದ ಕೆತ್ತನೆಯಿರುವ ಈ ಕಂಬವನ್ನು 'ತ್ಯಾಗದ ಕಂಬ' ಎಂದು ಜನ ಕರೆಯುತ್ತಾರೆ. ಚಾವುಂಡರಾಯನು ಶಿಲ್ಪಿಗಳಿಗೂ ಕೆಲಸಗಾರರಿಗೂ ಕೊಡಬೇಕಾದುದನ್ನು ಈ ಸ್ಥಳದಲ್ಲಿ ನಿಂತು ಕೊಟ್ಟನೆಂಬುದು ಪರಂಪರೆಯ ನಂಬಿಕೆ. ಹಳಗನ್ನಡದಲ್ಲಿ ತ್ಯಾಗವೆಂದರೆ ಕೊಡುಗೈಯ ದಾನವೆಂಬ ಅರ್ಥವೇ ಮುಂದಾಗಿದ್ದಿತೆಂಬುದನ್ನು ಇಲ್ಲಿ ನೆನೆಯಬೇಕು. ಕಂಬದ ಪೀಠದ ಮೇಲೆ ಎರಡು ಆಕೃತಿಗಳಿವೆ. ಚಾಮರಧಾರಿಗಳ ನಡುವೆ ಇರುವವನು ಚಾವುಂಡರಾಯನೆಂದೂ, ಇನ್ನೊಬ್ಬರು ಅವನ ಗುರು ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳೆಂದೂ ಹೇಳಲಾಗಿದೆ. ಕೊಟ್ಟವನೂ ಅವನ ಗುರುವೂ ಕಲ್ಲಿನಲ್ಲಿದ್ದಾರೆ, ಕೊಂಡವರು ಅಲ್ಲಿಲ್ಲ. ಕಂಬಕ್ಕೂ ನೆಲಕ್ಕೂ ನಡುವೆ ಒಂದು ಬಟ್ಟೆಯನ್ನು ತೂರಿಸಬಹುದೆಂದು ಯಾತ್ರಿಕರಿಗೆ ತೋರಿಸುವ ಸಂಪ್ರದಾಯವಿದೆ. ಆ ವಿಸ್ಮಯದಲ್ಲಿ ಪೀಠದ ಚಿತ್ರವನ್ನು ನೋಡದೆ ಮುಂದೆ ಹೋಗುವವರೇ ಹೆಚ್ಚು.

ಈ ಕಂಬದ ಮೇಲೆ ಚಾವುಂಡರಾಯನು ತನ್ನ ಚರಿತ್ರೆಯನ್ನು ಬರೆಯಿಸಿದ್ದನು. ಉತ್ತರದ ಮುಖದಲ್ಲಿ ಅವನ ಕುಲ, ಪರಾಕ್ರಮಗಳ ವರ್ಣನೆ ಉಳಿದಿದೆ. ಸುಮಾರು ೧೨೦೦ರಲ್ಲಿ ಹೆಗ್ಗಡೆ ಕಣ್ಣನೆಂಬವನು ಯಕ್ಷನ ಮೂರ್ತಿಯೊಂದನ್ನು ಮಾಡಿಸಿ, ಆ ವಿಷಯವನ್ನು ತಿಳಿಸುವ ಎರಡೂವರೆ ಸಾಲುಗಳಿಗಾಗಿ ಉಳಿದ ಮೂರು ಮುಖಗಳ ಬರಹವನ್ನು ಅಳಿಸಿದನೆಂದು ವಿದ್ವಾಂಸರು ಭಾವಿಸಿದ್ದಾರೆ. ಗೊಮ್ಮಟಮೂರ್ತಿಯ ನಿರ್ಮಾಣ, ಅದರ ವೆಚ್ಚ, ಶಿಲ್ಪಿಯ ಹೆಸರು ಆ ಮೂರು ಮುಖಗಳಲ್ಲಿ ಇದ್ದಿರಬಹುದು. ಎರಡೂವರೆ ಸಾಲಿಗೆ ತೆತ್ತ ಬೆಲೆ ಬಹಳ ದೊಡ್ಡದಾಯಿತು.

ಬೆಳಗೊಳದ ಮಠದ ಗೋಡೆಯ ವರ್ಣಚಿತ್ರಗಳಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ದಸರೆಯ ದರ್ಬಾರಿನ ಜೊತೆಗೆ ಷಡ್ಲೇಶ್ಯೆಯ ವೃಕ್ಷವೂ ಇದೆ. ಒಂದೇ ಹಣ್ಣಿನ ಮರ, ಆರು ಜನ ಹಸಿದವರು. ಒಬ್ಬನು ಬುಡಕ್ಕೇ ಕೊಡಲಿಯಿಡುತ್ತಾನೆ. ಕೊನೆಯವನು ಉದುರಿದ ಹಣ್ಣನ್ನು ಮಾತ್ರ ಆಯ್ದುಕೊಳ್ಳುತ್ತಾನೆ. ಸಾಗವಾನಿಯ ಕಾಡಿನ ನಡುವೆ ಬಾಳುವ ದಾಂಡೇಲಿ, ಜೋಯಿಡಾದವರಿಗೆ ಈ ಚಿತ್ರದ ಅರ್ಥ ಬೇಗನೆ ಆಗುತ್ತದೆ. ಹಸಿವು ಆರು ಜನರಿಗೂ ಒಂದೇ. ಕೊಳ್ಳುವ ರೀತಿ ಮಾತ್ರ ಆರು.

ದೇವರ ಆಸ್ತಿಯ ವಿಷಯದಲ್ಲಿ ಕೊಡಲಿಯು ಬುಡಕ್ಕೆ ಬಿದ್ದ ಸಂದರ್ಭಗಳೂ ಇತಿಹಾಸದಲ್ಲಿವೆ. ೧೭ನೆಯ ಶತಮಾನದ ಪ್ರಾರಂಭದಲ್ಲಿ ಶ್ರವಣಬೆಳಗೊಳಕ್ಕೆ ಬಹಳ ಕಷ್ಟಕಾಲ ಒದಗಿತು. ಚನ್ನಪಟ್ಟಣದ ಜಗದೇವರಾಯನ ಉಪಟಳವನ್ನು ತಾಳಲಾರದೆ ಚಾರುಕೀರ್ತಿ ಸ್ವಾಮಿಗಳು ಸ್ಥಳವನ್ನು ಬಿಟ್ಟು ಭಲ್ಲಾತಕೀಪುರದಲ್ಲಿ ಭೈರವರಾಜನ ಆಶ್ರಯದಲ್ಲಿದ್ದರೆಂದು ಚಿದಾನಂದ ಕವಿಯ ಮುನಿವಂಶಾಭ್ಯುದಯದಿಂದ ತಿಳಿದುಬರುತ್ತದೆ. ಭಲ್ಲಾತಕವೆಂದರೆ ಗೇರು, ಈ ಊರು ಉತ್ತರ ಕನ್ನಡದ ಗೇರುಸೊಪ್ಪೆಯೇ. ಸ್ಥಾನಿಕರು ದಿನ ಸಾಗದೆ ದೇವರ ಭೂಮಿಗಳನ್ನು ವರ್ತಕರಿಗೆ ಅಡವಿಟ್ಟರು, ಪೂಜೆ ನಿಂತುಹೋಯಿತು. ಮೈಸೂರಿನ ಚಾಮರಾಜ ಒಡೆಯರಿಗೆ ಈ ವಿಷಯ ತಿಳಿದು, ೧೬೩೪ರಲ್ಲಿ ಅವರು ಅಡವು ಹಿಡಿದಿದ್ದ ವರ್ತಕರನ್ನು ಕರೆಸಿದರು. ನಿಮ್ಮ ಸಾಲವನ್ನು ನಾವು ತೀರಿಸುತ್ತೇವೆ, ದೇವರ ಭೂಮಿಯನ್ನು ಬಿಟ್ಟುಕೊಡಿ ಎಂಬುದು ಅರಸರ ಮಾತಿನ ತಾತ್ಪರ್ಯ.

ಅರಸರ ಹಣವನ್ನು ವರ್ತಕರು ಮುಟ್ಟಲಿಲ್ಲ. ತಮ್ಮ ತಂದೆತಾಯಿಗಳ ಪುಣ್ಯಾರ್ಥವಾಗಿ ಸಾಲವನ್ನೇ ಬಿಟ್ಟುಬಿಡುತ್ತೇವೆಂದು ಹೇಳಿ, ಗೊಮ್ಮಟನಾಥನ ಮತ್ತು ಗುರುಗಳ ಸನ್ನಿಧಿಯಲ್ಲಿ ಧಾರೆಯೆರೆದು ಅಡವಿನ ಪತ್ರಗಳನ್ನು ಹಿಂದಿರುಗಿಸಿದರು. ಇನ್ನು ಮುಂದೆ ದೇವರ ಭೂಮಿಯನ್ನು ಅಡವಿಟ್ಟ ಸ್ಥಾನಿಕನೂ ಅದರ ಮೇಲೆ ಸಾಲ ಕೊಟ್ಟ ವರ್ತಕನೂ ಸಮಾನವಾಗಿ ದೋಷಿಗಳೆಂದು ಶಾಸನವನ್ನು ಬರೆಯಿಸಲಾಯಿತು. ಕಾಶಿ, ರಾಮೇಶ್ವರಗಳಲ್ಲಿ ಕವಿಲೆಗಳನ್ನು ಕೊಂದ ಪಾಪದ ಮಾತು ಇಲ್ಲಿಯೂ ಬರುತ್ತದೆ. ಹಳೆಯ ಶಾಸನಗಳ ಶಿರೋಭಾಗದಲ್ಲಿ ಹಸುಕರುಗಳ ಚಿತ್ರ ಹೇಳುತ್ತಿದ್ದುದನ್ನೇ ಇಲ್ಲಿ ಅಕ್ಷರಗಳು ಹೇಳಿವೆ. ಸಾಲ ಪಡೆದವನೊಬ್ಬನನ್ನೇ ಗುರಿಮಾಡದೆ ಕೊಟ್ಟವನನ್ನೂ ಕಟ್ಟಿಹಾಕಿದ್ದು ಈ ಶಾಸನದ ವಿಶೇಷ.

೧೬೩೪ರ ಘಟನೆ ಅರಸರ ಹೆಸರಿನೊಂದಿಗೆ ಸೇರಿರುವುದರಿಂದ ಪ್ರಸಿದ್ಧವಾಗಿದೆ. ಅದಕ್ಕೂ ಸುಮಾರು ೯೫ ವರ್ಷಗಳ ಹಿಂದೆ, ೧೫೩೯ರಲ್ಲಿ, ಅದೇ ದೊಡ್ಡಬೆಟ್ಟದ ಮೇಲೆ ಬರೆಯಿಸಿದ ಕೆಲವು ಕಿರುಶಾಸನಗಳು ಅಷ್ಟು ಪ್ರಸಿದ್ಧವಲ್ಲ. ಇವುಗಳ ನಾಯಕನು ಉತ್ತರ ಕನ್ನಡದವನು: ಗೇರುಸೊಪ್ಪೆಯ ಚವುಡಿಸೆಟ್ಟಿ. ಗೇರುಸೊಪ್ಪೆಯ ವರ್ತಕರಿಗೂ ಬೆಳಗೊಳಕ್ಕೂ ಹಳೆಯ ನಂಟಿದ್ದಿತು. ೧೫ನೆಯ ಶತಮಾನದ ಆದಿಯಲ್ಲಿಯೇ ಅಲ್ಲಿಯ ಗುಮ್ಮಟಣ್ಣನೆಂಬವನು ಬೆಳಗೊಳಕ್ಕೆ ಬಂದು ಬಸದಿಗಳ ಜೀರ್ಣೋದ್ಧಾರ ಮಾಡಿಸಿದ್ದನು. ಕರಾವಳಿಯ ಮೆಣಸಿನ ವ್ಯಾಪಾರದಿಂದ ಬಂದ ಹಣ ಘಟ್ಟವನ್ನು ಹತ್ತಿ ಬಸದಿಗಳನ್ನು ತಲುಪುತ್ತಿದ್ದ ಕಾಲವದು.

ಆ ಕಿರುಶಾಸನಗಳಲ್ಲಿ ಮಾತನಾಡುವವರು ದಾನಿಗಳಲ್ಲ, ಸಾಲದಲ್ಲಿ ಬಿದ್ದವರು. ಆಗಣಿ ಬೊಮ್ಮಯ್ಯನ ಮಗ ಕಂಭಯ್ಯನ ಹೊಲವು ಅಡವಿಗೆ ಹೋಗಿತ್ತು. ಚವುಡಿಸೆಟ್ಟಿಯು ಹಣ ತೆತ್ತು ಅದನ್ನು ಬಿಡಿಸಿಕೊಟ್ಟನು. ಕೊಟ್ಟ ಹಣವನ್ನು ಅವನು ಹಿಂದಕ್ಕೆ ಕೇಳಿದಂತೆ ತೋರುವುದಿಲ್ಲ. ಅದಕ್ಕೆ ಬದಲಾಗಿ ಕಂಭಯ್ಯನು ತಾನು ನಡೆಸಬೇಕಾದುದನ್ನು ಕಲ್ಲಿನ ಮೇಲೆ ಒಪ್ಪಿಕೊಂಡನು: ಮುನಿಗಳ ಒಂದು ತಂಡಕ್ಕೆ ಆಹಾರದಾನ, ತ್ಯಾಗದ ಬ್ರಹ್ಮನ ಮುಂದೆ ಹೂವಿನ ತೋಟ, ಒಂದು ಪಡಿ ಅಕ್ಕಿ, ಅಕ್ಷತೆಯ ಪುಂಜ. ಇಷ್ಟನ್ನು ಸೂರ್ಯಚಂದ್ರರಿರುವವರೆಗೆ ನಡೆಸುವುದಾಗಿ ಅವನ ಮಾತು. ಕಷ್ಟ ಬಂದಾಗ ಚವುಡಿಸೆಟ್ಟಿಯಿಂದ ಪರಿಹಾರ ಪಡೆದ ಇನ್ನೊಬ್ಬನು ವರ್ಷದಲ್ಲಿ ಆರು ತಿಂಗಳು ಒಂದು ತಂಡಕ್ಕೆ ಆಹಾರ ಕೊಡುವುದಾಗಿ ಬರೆಯಿಸಿದನು. ಆರು ತಿಂಗಳೆಂಬ ಮಿತಿಯಿಂದ ಅವನ ಶಕ್ತಿ ಅಷ್ಟೇ ಇದ್ದಿತೆಂದು ಊಹಿಸಬಹುದು. ಸೆಟ್ಟಿಯು ಅದನ್ನು ಒಪ್ಪಿಕೊಂಡನು.

ಚಾವುಂಡರಾಯನು ಕೆಲಸಗಾರರಿಗೆ ಹಣ ಹಂಚಿದನೆಂದು ಜನ ನಂಬಿದ ಕಂಬದ ಮುಂದೆಯೇ, ಐದೂವರೆ ಶತಮಾನಗಳ ನಂತರ, ಋಣಮುಕ್ತನಾದ ರೈತನೊಬ್ಬನು ಹೂವಿನ ಗಿಡಗಳನ್ನು ಬೆಳೆಸುವ ಹೊಣೆ ಹೊತ್ತನು. ಅವನ ಹೊಲ ಎಷ್ಟು ದೊಡ್ಡದು, ಅದನ್ನು ಬಿಡಿಸಲು ಗೇರುಸೊಪ್ಪೆಯ ಸೆಟ್ಟಿ ತೆತ್ತ ಹೊನ್ನು ಎಷ್ಟು ಎಂಬುದನ್ನು ಶಾಸನ ಹೇಳುವುದಿಲ್ಲ. ಒಂದು ಪಡಿ ಅಕ್ಕಿಯ ಲೆಕ್ಕ ಮಾತ್ರ ಅದರಲ್ಲಿದೆ.